ತುಟಿಯ ಮುಪ್ಪು ಮತ್ತು ವೈದ್ಯನ ಕೈ



ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರ ಸುಮಾರಿಗೆ ತುಂಗಭದ್ರೆಯ ದಡದಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯವನ್ನು ನಿಮ್ಮಲ್ಲಿ ಅನೇಕರು ಕಂಡಿರುವಿರಿ. ಅಲ್ಲಿಯ ಮೂರ್ತಿಯಲ್ಲಿ ಬಲಭಾಗ ಹರನದು, ಎಡಭಾಗ ಹರಿಯದು. ಲಾಂಛನಗಳು ಬೇರೆಬೇರೆಯಾದರೂ ಇಬ್ಬರಿಗೂ ಬಾಯಿ ಒಂದೇ. ನಮ್ಮ ರೂವಾರಿಗಳು ದೇವತೆಗಳ ಮುಖದಲ್ಲಿ ಮುಪ್ಪನ್ನು ಸಾಮಾನ್ಯವಾಗಿ ಕಂಡರಿಸಲಿಲ್ಲ. ಮನುಷ್ಯನ ಬಾಯಿಗೆ ಆ ಭಾಗ್ಯವಿಲ್ಲ. ವಯಸ್ಸು ಏರಿದಂತೆ ಮೂಗಿಗೂ ಮೇಲ್ದುಟಿಗೂ ನಡುವಣ ಚರ್ಮವು ಉದ್ದವಾಗುತ್ತದೆ, ತುಟಿಯ ಕೆಂಪು ತೆಳುವಾಗಿ ಒಳಕ್ಕೆ ಮಡಚಿಕೊಳ್ಳುತ್ತದೆ, ಅಂಚಿನ ಸುತ್ತ ಸಣ್ಣ ಗೆರೆಗಳು ಮೂಡುತ್ತವೆ, ಬಾಯಿಯ ಕೊನೆಗಳು ಜೋಲುತ್ತವೆ. ಬಸವಣ್ಣನವರು ವಚನವೊಂದರಲ್ಲಿ ಮುಪ್ಪಿನ ಲಕ್ಷಣಗಳನ್ನು ಎಣಿಸುವಾಗ ಹಲ್ಲು ಹೋಗುವುದನ್ನು ಮರೆಯಲಿಲ್ಲ. ಅದನ್ನು ನಾವೂ ಮರೆಯಬಾರದು. ಏಕೆಂದರೆ ತುಟಿ ತನ್ನ ಬಲದಿಂದಲೇ ನಿಂತಿರುವುದಲ್ಲ, ಹಿಂದಿನ ಹಲ್ಲೂ ದವಡೆಯ ಮೂಳೆಯೂ ಅದನ್ನು ಹೊತ್ತಿರುತ್ತವೆ. ಹಲ್ಲು ಬಿದ್ದಲ್ಲಿ ಮೂಳೆ ಸವೆಯುತ್ತದೆ, ಮೂಳೆ ಸವೆದಲ್ಲಿ ತುಟಿ ಕುಸಿಯುತ್ತದೆ. ಈ ಸಂಗತಿಯನ್ನು ಗಮನಿಸದ ಸೌಂದರ್ಯಚಿಕಿತ್ಸೆಯೆಲ್ಲವೂ ಅರ್ಧ ಚಿಕಿತ್ಸೆಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ತುಟಿಯ ಶಸ್ತ್ರವಿದ್ಯೆ ಹುಟ್ಟಿದ್ದು ಚೆಲುವಿಗಾಗಿಯಲ್ಲ, ಹರಿದುದನ್ನು ಕೂಡಿಸುವುದಕ್ಕಾಗಿ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಹದಿನಾರನೆಯ ಅಧ್ಯಾಯದಲ್ಲಿ ಕಿವಿಯನ್ನು ಜೋಡಿಸುವ ಹದಿನೈದು ಬಗೆಗಳನ್ನು ವಿವರಿಸಿ, ಕೆನ್ನೆಯ ಚರ್ಮದಿಂದ ಮೂಗನ್ನು ಕಟ್ಟುವ ಕ್ರಮವನ್ನು ಹೇಳಿ, ಕಡೆಗೆ ತುಟಿಗೂ ಅದೇ ವಿಧಿಯೆಂದೂ, ಆದರೆ ಉಸಿರಾಟಕ್ಕಾಗಿ ಇಡುವ ನಳಿಕೆ ಇಲ್ಲಿ ಬೇಡವೆಂದೂ ಆಚಾರ್ಯನು ವಿಧಿಸುತ್ತಾನೆ. ಈ ವಿದ್ಯೆ ಪಶ್ಚಿಮಕ್ಕೆ ಹಬ್ಬಿದ ಕಥೆಯಲ್ಲಿ ಕನ್ನಡ ನೆಲಕ್ಕೂ ಒಂದು ದಾರುಣವಾದ ಪಾಲುಂಟು. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕೌಸಜಿ ಎಂಬಾತನು ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕಿ ಮೂಗನ್ನೂ ಕೈಯನ್ನೂ ಕಳೆದುಕೊಂಡನು. ತರುವಾಯ ಪುಣೆಯ ಕಡೆಯ ವೈದ್ಯನೊಬ್ಬನು ಹಣೆಯ ಚರ್ಮವನ್ನು ಇಳಿಸಿ ಅವನಿಗೆ ಹೊಸ ಮೂಗನ್ನು ಮಾಡಿದನು. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಆ ವೃತ್ತಾಂತವನ್ನು ಚಿತ್ರಸಹಿತವಾಗಿ ಪ್ರಕಟಿಸಿತು. ಅದರಿಂದ ಪ್ರೇರಿತನಾದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿಯೇ ಆ ಶಸ್ತ್ರಕ್ರಿಯೆಯನ್ನು ನಡೆಸಿ, ಎರಡು ವರ್ಷಗಳ ಬಳಿಕ ಗ್ರಂಥವನ್ನೂ ಬರೆದನು. ಮುಂದೆ 1898ರಲ್ಲಿ ನ್ಯೂಯಾರ್ಕಿನ ರಾಬರ್ಟ್ ಆಬೆ ಎಂಬ ವೈದ್ಯನು ಕೆಳದುಟಿಯ ತುಂಡೊಂದನ್ನು ರಕ್ತನಾಳ ಕಡಿಯದಂತೆ ತಿರುಗಿಸಿ ಮೇಲ್ದುಟಿಯ ಕೊರತೆಯನ್ನು ತುಂಬಿದನು. ಸೀಳುತುಟಿಯ ಮಕ್ಕಳಿಗೆ ರಾಲ್ಫ್ ಮಿಲಾರ್ಡ್ 1950ರ ದಶಕದಲ್ಲಿ ರೂಪಿಸಿದ ಕ್ರಮವು ತುಟಿಯ ಬಿಲ್ಲಿನಂಥ ಬಾಗನ್ನು ಕೂದಲೆಳೆಯಷ್ಟೂ ಕೆಡಿಸದಿರುವ ಎಚ್ಚರವನ್ನು ಕಲಿಸಿತು. ಇಂದು ಚೆಲುವಿಗಾಗಿ ತುಟಿಯನ್ನು ಮುಟ್ಟುವ ವೈದ್ಯನು ಈ ನೊಂದವರೆಲ್ಲರಿಗೂ ಋಣಿ.

ಚೆಲುವಿನ ಆತುರ ಮೊದಲು ಹಿಡಿದ ದಾರಿ ಮಾತ್ರ ಅನರ್ಥಕರವಾಗಿತ್ತು. 1899ರಲ್ಲಿ ವಿಯೆನ್ನಾದ ರಾಬರ್ಟ್ ಗೆರ್ಸುನಿಯು ದೇಹದೊಳಕ್ಕೆ ಮೆದುವಾದ ಪ್ಯಾರಫಿನ್ ಮೇಣವನ್ನು ಚುಚ್ಚುವ ಕ್ರಮವನ್ನು ತೋರಿಸಿದುದೇ ತಡ, ಮುಖದ ಸುಕ್ಕುಗಳಿಗೂ ಅದು ಬಳಕೆಗೆ ಬಂದಿತು. ಮೇಣವು ಮಾಂಸದೊಳಗೆ ಗಂಟುಗಟ್ಟಿತು, ಜಾರಿತು, ಹುಣ್ಣಾಯಿತು, ತೆಗೆಯಹೋದರೆ ಮಾಂಸವೂ ಜೊತೆಗೆ ಬಂದಿತು. ದ್ರವರೂಪದ ಸಿಲಿಕೋನಿನಿಂದಲೂ ಅಂಥ ಗಂಟುಗಳೇ ಕಾಣಿಸಿಕೊಂಡವು. 1981ರಲ್ಲಿ ಗೋವಿನ ಕೊಲಾಜೆನ್ನಿಗೆ ಅಮೆರಿಕೆಯ ಸರ್ಕಾರ ಅನುಮತಿ ಕೊಟ್ಟಿತು. ಅದರ ಸ್ಥಾನವನ್ನು ಮುಂದೆ ಆಕ್ರಮಿಸಿದುದು ಹೈಯಾಲುರಾನಿಕ್ ಆಮ್ಲ. ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ 1934ರಲ್ಲಿ ದನದ ಕಣ್ಣಿನಿಂದ ಬೇರ್ಪಡಿಸಿದ ಈ ದ್ರವ್ಯವು ನಮ್ಮ ಚರ್ಮದಲ್ಲಿಯೂ ಸಹಜವಾಗಿಯೇ ಇರುವುದು. ತುಟಿಗೆ ಚುಚ್ಚಿದರೆ ನೀರನ್ನು ಹಿಡಿದಿಟ್ಟುಕೊಂಡು ಕೆಲವು ತಿಂಗಳು ತುಂಬುಗೊಡುತ್ತದೆ, ಬಳಿಕ ತಾನಾಗಿ ಕರಗುತ್ತದೆ. ಇದರ ಹೆಚ್ಚುಗಾರಿಕೆಯೆಂದರೆ ತೊಂದರೆಯಾದಾಗ ಇದನ್ನು ಕರಗಿಸುವ ಹೈಯಾಲುರಾನಿಡೇಸ್ ಎಂಬ ಮದ್ದು ಉಂಟು.

ಉದ್ದವಾದ ಮೇಲ್ದುಟಿಗೆ ಮದ್ದು ತುಂಬಿ ಫಲವಿಲ್ಲ. ತುಂಬಿದಷ್ಟೂ ಅದು ಭಾರವಾಗಿ ಮುಂದಕ್ಕೆ ಚಾಚುತ್ತದೆ. ಅಲ್ಲಿ ಮೂಗಿನ ಬುಡದಲ್ಲಿ ಹೋರಿಯ ಕೊಂಬುಗಳ ಆಕಾರಕ್ಕೆ ಕೆಲವು ಮಿಲಿಮೀಟರಿನಷ್ಟು ಚರ್ಮವನ್ನು ತೆಗೆದು ತುಟಿಯನ್ನು ಮೇಲಕ್ಕೆತ್ತುವ ಶಸ್ತ್ರಕ್ರಿಯೆ ಇದೆ. ಹೊಲಿಗೆಯ ಗುರುತು ಮೂಗಿನ ಮಡಿಕೆಯಲ್ಲಿ ಅಡಗಬೇಕು. ಬಾಯಿಯ ಕೊನೆಗಳನ್ನು ಎತ್ತುವುದುಂಟು, ಹೊಟ್ಟೆಯ ಕೊಬ್ಬನ್ನು ತುಟಿಗೆ ತುಂಬುವುದೂ ಉಂಟು. ಸಣ್ಣ ಗೆರೆಗಳಿಗೆ ಲೇಸರ್ ಒಳ್ಳೆಯದಾದರೂ ನಮ್ಮಂಥ ಕಂದುಬಣ್ಣದ ಚರ್ಮದಲ್ಲಿ ಅದರ ಬಿಸಿಗೆ ಕಪ್ಪು ಕಲೆ ನಿಲ್ಲುವ ಭಯವಿರುವುದರಿಂದ, ಬಿಳಿಯ ಮುಖದ ಮೇಲಿನ ಫಲವನ್ನು ನೋಡಿ ಇಲ್ಲಿ ಯಾರೂ ಮೋಸಹೋಗಬಾರದು.

ಇನ್ನು ದಾವಣಗೆರೆಯ ಮಾತು. ಅರಳೆಯ ಗಿರಣಿಗಳಿಂದ ಬೆಳೆದ ಈ ನಗರದಲ್ಲಿ 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜೂ 1979ರಲ್ಲಿ ಬಾಪೂಜಿ ದಂತ ವೈದ್ಯಕೀಯ ಕಾಲೇಜೂ ಆರಂಭವಾದವು. ತುಟಿಯ ಮುಪ್ಪನ್ನು ಹಿಂದೂಡುವ ಕೆಲಸ ಈ ಊರಿನಲ್ಲಿ ಸದ್ದಿಲ್ಲದೆ ನಡೆದುಬಂದಿರುವುದು ಹಲ್ಲಿನ ಸೆಟ್ ಕಟ್ಟುವ ಕುರ್ಚಿಯಲ್ಲಿ ಎಂದು ನಾನು ಭಾವಿಸುತ್ತೇನೆ. ಹಲ್ಲು ಜೋಡಿಸುವುದಕ್ಕೆ ಮೊದಲು ದಂತವೈದ್ಯನು ಮೇಣದ ಕಟ್ಟೆಯೊಂದನ್ನು ಬೋಳು ಒಸಡಿನ ಮೇಲೆ ಕೂರಿಸಿ, ಎದುರು ನಿಂತು ಮೇಲ್ದುಟಿಯನ್ನು ನೋಡುತ್ತಾನೆ. ತುಟಿ ಕುಸಿದಿದ್ದರೆ ಮುಂದುಗಡೆ ಒಂದಿಷ್ಟು ಮೇಣವನ್ನು ಸೇರಿಸುತ್ತಾನೆ, ಉಬ್ಬಿದ್ದರೆ ಕಾಸಿದ ಚಾಕುವಿನಿಂದ ಹೆರೆಯುತ್ತಾನೆ, ನಗಲು ಹೇಳಿ ತುಟಿ ಏರುವ ಎತ್ತರಕ್ಕೆ ಗೆರೆ ಎಳೆಯುತ್ತಾನೆ. ಎಲೆಯಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿ ಬಾಯಿಗಿಡುತ್ತಿದ್ದ ಮುದುಕಿಯ ತುಟಿ ಆ ಕ್ಷಣದಲ್ಲಿಯೇ, ಒಂದು ಸೂಜಿಯೂ ತಾಗದೆ, ತುಂಬಿಕೊಳ್ಳುತ್ತದೆ. ವಿಯೆನ್ನಾದ ವೈದ್ಯನು ಚರ್ಮದೊಳಗೆ ಹೊಗಿಸಿ ಕೆಡಿಸಿದ ಮೇಣವೇ ಇಲ್ಲಿ ತುಟಿಯ ಹಿಂದೆ ನಿಂತು ಉಪಕಾರಿಯಾಗಿದೆ.

ಅಡಿಕೆಯ ಹೆಸರು ಬಂದುದರಿಂದ ಇನ್ನೊಂದನ್ನು ಹೇಳಲೇಬೇಕು. ಚನ್ನಗಿರಿಯ ಅಡಿಕೆಯ ತೋಟಗಳು ನಮ್ಮ ಜಿಲ್ಲೆಯ ಸಿರಿ. ಆದರೆ ಅಡಿಕೆಯನ್ನು, ಅದರಲ್ಲಿಯೂ ಗುಟ್ಕಾವನ್ನು, ಸದಾ ಜಗಿಯುವವರ ಬಾಯಿಯ ಒಳಪೊರೆ ನಾರುಗಟ್ಟಿ ಬಿಗಿಯುವ ಕಾಯಿಲೆ ಇದೆ. 1952ರಲ್ಲಿ ಷ್ವಾರ್ಟ್ಸ್ ಎಂಬ ವೈದ್ಯನು ಕೀನ್ಯಾದಲ್ಲಿದ್ದ ಭಾರತೀಯ ಸ್ತ್ರೀಯರಲ್ಲಿ ಅದನ್ನು ಗುರುತಿಸಿದ್ದನು. ಬಾಯಿ ಎರಡು ಬೆರಳಿನಷ್ಟೂ ತೆರೆಯದೆ, ಇಪ್ಪತ್ತೈದರ ಯುವಕನ ತುಟಿಗೆ ಎಪ್ಪತ್ತರ ಬಿಗುವು ಬರುತ್ತದೆ; ಕ್ಯಾನ್ಸರಿನ ಹೆದರಿಕೆ ಬೇರೆ. ನಮ್ಮ ರಾಜ್ಯವು 2013ರಲ್ಲಿ ಗುಟ್ಕಾವನ್ನು ನಿಷೇಧಿಸಿದ್ದರೂ ಅದರ ಪೊಟ್ಟಣಗಳು ಮಾಯವಾಗಿಲ್ಲವೆಂಬುದು ದುಃಖದ ಸಂಗತಿ. ಅಂಥ ಬಾಯಿಗೆ ಯಾವ ತುಂಬುಮದ್ದೂ ಹರೆಯವನ್ನು ತರಲಾರದು.

ಆದುದರಿಂದ ತುಟಿಯ ಸುಕ್ಕಿಗೆ ಚಿಕಿತ್ಸೆ ಬಯಸುವ ತಾಯಂದಿರೂ ಮಹನೀಯರೂ ಮೊದಲು ಹಲ್ಲು ಮತ್ತು ದವಡೆಗಳನ್ನು ದಂತವೈದ್ಯರಿಗೆ ತೋರಿಸಿ, ಆ ಬಳಿಕವೇ ಪ್ಲಾಸ್ಟಿಕ್ ಸರ್ಜರಿಯಲ್ಲಿಯೋ ಚರ್ಮರೋಗದಲ್ಲಿಯೋ ತರಬೇತಾದವರ ಬಳಿ ಹೋಗಬೇಕು. ಬ್ಯೂಟಿ ಪಾರ್ಲರಿನಲ್ಲಿ ಸೂಜಿ ಚುಚ್ಚಿಸಿಕೊಳ್ಳಬಾರದು. ತುಟಿಯ ಒಳಗೆ ಹರಿಯುವ ಧಮನಿಗೆ ಮದ್ದು ಹೊಕ್ಕರೆ ಚರ್ಮ ಬಿಳುಪಾಗಿ, ನೋವು ಏರಿ, ಗಂಟೆಗಳೊಳಗೆ ಆ ಭಾಗ ಸಾಯತೊಡಗಬಹುದು. ಕರಗಿಸುವ ಮದ್ದು ನಿಮ್ಮ ಕೈಯಳತೆಯಲ್ಲಿ ಇದೆಯೇ ಎಂದು ಸೂಜಿ ಎತ್ತುವುದಕ್ಕೆ ಮೊದಲೇ ವೈದ್ಯರನ್ನು ಕೇಳಿ, ಸಂಕೋಚಪಡಬೇಡಿ.