ಆ ಆಟದಲ್ಲಿ ಅಂಥದ್ದೇನಿದೆ?

(ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಇವತ್ತು ಬ್ಯಾಂಕಿನ ಚೀಟಿ ತುಂಬುವುದು ಹೇಗೆ ಅಂತ ಹೇಳಬೇಕಿತ್ತು. ಅದು ನಾಳೆಗೆ ಇರಲಿ. ಹೋದ ವಾರ ಇಲ್ಲಿ ಒಂದು ಸಣ್ಣ ಜಗಳ ಆಯಿತಲ್ಲ, ಇವತ್ತು ಅದರ ಬಗ್ಗೆ ಮಾತಾಡೋಣ.

ಪಾಠ ಇನ್ನೂ ಶುರುವಾಗಿರಲಿಲ್ಲ. ನಮ್ಮ ಒಬ್ಬ ತಂಗಿ ಗೋಡೆಗೆ ಒರಗಿ ಕೂತಿದ್ದಳು. ಮೊಬೈಲಿನಲ್ಲಿ ಆಟ ಆಡುತ್ತಿದ್ದಳು. ಬಣ್ಣ ಬಣ್ಣದ ಮಿಠಾಯಿಯ ಆಟ. ಒಂದೇ ಬಣ್ಣದ ಮೂರು ಮಿಠಾಯಿ ಸಾಲಾಗಿ ಬಂದರೆ ಒಡೆದು ಹೋಗುತ್ತವೆ. ಪಕ್ಕದಲ್ಲಿದ್ದ ಅಕ್ಕ ಅದನ್ನು ನೋಡಿದರು. ಅವರಿಗೆ ಸಿಟ್ಟು ಬಂತು.

"ಮನೇಲಿ ಮಗಂದೂ ಇದೇ ಆಟ. ಇಲ್ಲಿಗೆ ಬಂದ್ರೆ ನಿಂದೂ ಇದೇ ಆಟ. ಅದ್ರಾಗೆ ಅಂಥದ್ದೇನೈತೆ?" ಅಂದರು.

ತಂಗಿ ತಲೆ ತಗ್ಗಿಸಿದಳು. ಮೊಬೈಲನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಆ ದಿನ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅಕ್ಕನಿಗೆ ಸುಮ್ಮನೆ ಸಿಟ್ಟು ಬಂದದ್ದಲ್ಲ. ಅವರನ್ನು ಕೇಳಿಯೇ ಇದನ್ನು ಹೇಳುತ್ತಿದ್ದೇವೆ. ಅವರ ಮಗ ಒಂಬತ್ತನೇ ಕ್ಲಾಸು. ಊಟಕ್ಕೆ ಕರೆದರೆ ಬರುವುದಿಲ್ಲ. ಒಂದು ರಾತ್ರಿ ಅಕ್ಕ ಮೊಬೈಲನ್ನು ಕಿತ್ತುಕೊಂಡರು. ಮಗ ಮೂರು ದಿನ ತಾಯಿಯ ಜೊತೆ ಮಾತು ಬಿಟ್ಟ. ಒಂದು ಆಟಕ್ಕಾಗಿ ಹೆತ್ತ ಮಗ ಮಾತು ಬಿಟ್ಟರೆ ಯಾರಿಗೆ ಸಂಕಟ ಆಗುವುದಿಲ್ಲ ಹೇಳಿ?

ಅದೇ ಆಟ ಒಬ್ಬರಿಗೆ ಬೆಲ್ಲ, ಇನ್ನೊಬ್ಬರಿಗೆ ಬೇವು. ಯಾಕೆ ಹೀಗೆ?

ನಾವೂ ಆಡಿ ನೋಡೋಣ ಅಂತ ಹೊರಟೆವು. ನಮ್ಮ ಅಕ್ಕನ ಮಗ ಕಲಿಸಲು ಕೂತ. ಅದು ಓಡುವ, ಗುಂಡು ಹೊಡೆಯುವ ಆಟ. ಎಡಗೈ ಹೆಬ್ಬೆರಳಿನಿಂದ ನಡೆಯಬೇಕು. ಬಲಗೈ ಹೆಬ್ಬೆರಳಿನಿಂದ ತಿರುಗಿ ನೋಡಬೇಕು. ಎರಡೂ ಒಟ್ಟಿಗೆ ಆಗಬೇಕು. ನಮ್ಮ ಗೊಂಬೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಿತು. ಎಷ್ಟು ಒತ್ತಿದರೂ ಅಲ್ಲೇ. ಹಿಂದಿನಿಂದ ಯಾರೋ ಹೊಡೆದರು. ಆಟ ಮುಗಿಯಿತು. ಹುಡುಗ ಹೊಟ್ಟೆ ಹಿಡಿದುಕೊಂಡು ನಕ್ಕ. ನಮಗೆ ನಾಚಿಕೆ ಆಯಿತು. "ಇದು ಕೆಲಸ ಇಲ್ಲದವರ ಆಟ" ಅಂತ ಹೇಳಿ ಮೊಬೈಲನ್ನು ವಾಪಸ್ಸು ಕೊಟ್ಟೆವು.

ರಾತ್ರಿ ಮಲಗಿದಾಗ ಆ ಮಾತು ನೆನಪಾಯಿತು. ನಿಜ ಹೇಳಬೇಕೆಂದರೆ ಆಟ ಕೆಟ್ಟದ್ದು ಅಂತ ನಾವು ಬಿಡಲಿಲ್ಲ. ಬರಲಿಲ್ಲ ಅಂತ ಬಿಟ್ಟೆವು.

ಆಗ ನಮಗೆ ಈ ಕೇಂದ್ರದ ಮೊದಲ ದಿನ ಕಣ್ಣ ಮುಂದೆ ಬಂತು. ನೀವು ಬಳಪ ಹಿಡಿದ ದಿನ. ಗದ್ದೆ ನಾಟಿ ಮಾಡುವ ಬೆರಳು ಬಳಪ ಹಿಡಿಯಲು ನಡುಗುತ್ತಿತ್ತು. ಒಬ್ಬ ತಾಯಿ "ಈ ವಯಸ್ಸಿಗೆ ಇದ್ಯಾಕೆ ಬಿಡವ್ವಾ" ಅಂತ ಎದ್ದು ಹೋದರು. ನಾವು ಹಾಜರಿ ಪುಸ್ತಕದಲ್ಲಿ "ಆಸಕ್ತಿ ಇಲ್ಲ" ಅಂತ ಬರೆದೆವು. ಈಗ ಅನ್ನಿಸುತ್ತದೆ, ಅವರಿಗೆ ಆಸಕ್ತಿ ಇತ್ತೋ ಏನೋ. ಪಕ್ಕದಲ್ಲಿ ಯಾರೋ ನಕ್ಕಿರಬೇಕು. ಮೊನ್ನೆ ಅವರ ಮನೆಗೆ ಹೋಗಿ ಬಂದೆವು.

ಇರಲಿ. ಬೆರಳಿಗೆ ಅಭ್ಯಾಸ ಇಲ್ಲದವರಿಗೆ ಆಟದಲ್ಲಿ ಸುಖ ಸಿಗುವುದಿಲ್ಲ. ಬರೀ ಸೋಲು, ಅದರ ಮೇಲೆ ನಾಚಿಕೆ. ಚಿಕ್ಕಂದಿನಿಂದ ಆಡಿದವರಿಗೆ ಬೆರಳು ತಾನೇ ಓಡುತ್ತದೆ. ನಿಮ್ಮ ಕೈ ರೊಟ್ಟಿ ತಟ್ಟುವಾಗ ಓಡುವುದಿಲ್ಲವೇ, ಹಾಗೆ.

ಸರಿ, ಕೈಗೆ ಬಂದ ಮೇಲೆ ಅದರಲ್ಲಿ ಏನು ರುಚಿ? ಒಂದು ಹಳೆಯ ಆಟದ ಕಥೆ ಹೇಳುತ್ತೇವೆ. ಅದರ ಹೆಸರು ಟೆಟ್ರಿಸ್. 1984ರಲ್ಲಿ ರಷ್ಯಾದ ಮಾಸ್ಕೋ ನಗರದಲ್ಲಿ ಅಲೆಕ್ಸಿ ಪಜಿತ್ನೊವ್ ಎಂಬವರು ಅದನ್ನು ಮಾಡಿದರು. ಮೇಲಿನಿಂದ ತುಂಡುಗಳು ಬೀಳುತ್ತವೆ. ಒಂದೊಂದು ತುಂಡಿನಲ್ಲಿ 4 ಚೌಕ. ಒಟ್ಟು 7 ಆಕಾರ. ಬೀಳುವಾಗಲೇ ತಿರುಗಿಸಿ ಸಂದು ಬಿಡದೆ ಜೋಡಿಸಬೇಕು. ಒಂದು ಸಾಲು ಪೂರ್ತಿ ತುಂಬಿದರೆ ಆ ಸಾಲು ಮಾಯ. ನಾವು ನಾಗಂದಿಗೆಯ ಮೇಲೆ ಡಬ್ಬಿ ಜೋಡಿಸುತ್ತೇವಲ್ಲ, ಸೌದೆ ಒಟ್ಟುತ್ತೇವಲ್ಲ, ಅದೇ ಕೆಲಸ. ಮೊದಲು ತುಂಡು ನಿಧಾನ ಬೀಳುತ್ತದೆ. ನೀವು ಕಲಿತ ಹಾಗೆ ಬೇಗ ಬೇಗ ಬೀಳುತ್ತದೆ.

ಗುಟ್ಟು ಇರುವುದು ಅಲ್ಲೇ. ತೀರಾ ಸುಲಭವಾದರೆ ಬೇಸರ. ತೀರಾ ಕಷ್ಟವಾದರೆ ಕೋಪ. ಕೈಗೆ ಇನ್ನೇನು ಸಿಕ್ಕಿತು ಅನ್ನುವಷ್ಟು ಕಷ್ಟ ಇದ್ದರೆ ಮನಸ್ಸು ಬೇರೆಲ್ಲೂ ಹೋಗುವುದಿಲ್ಲ. ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಅಳಗುಳಿ ಮಣೆ ಆಡಿದವರಿಗೆ ಇದು ಗೊತ್ತು. ಎರಡು ಸಾಲು, ಸಾಲಿಗೆ 7 ಗುಳಿ, ಕೈ ತುಂಬ ಹುಣಸೆ ಬೀಜ. ಒಂದೊಂದೇ ಬೀಜ ಹಾಕುತ್ತಾ ಹೋಗುವಾಗ ಒಲೆ ಮೇಲಿನ ಹಾಲು ಉಕ್ಕಿದ್ದು ನೆನಪಿದೆಯೇ? ನಮ್ಮ ಮನೆಯಲ್ಲಂತೂ ಉಕ್ಕಿದೆ.

ಆದರೆ ಎಲ್ಲರಿಗೂ ಒಂದೇ ರುಚಿ ಇರುವುದಿಲ್ಲ. ಇಂಗ್ಲೆಂಡಿನ ರಿಚರ್ಡ್ ಬಾರ್ಟಲ್ ಎಂಬವರು ತಾವೇ ಆಟ ಮಾಡಿದವರು. ಆಡುವವರಲ್ಲಿ ನಾಲ್ಕು ಬಗೆ ಇದೆ ಅಂತ ಅವರು 1996ರಲ್ಲಿ ಬರೆದರು. ಜಾತ್ರೆಗೆ ಹೋದವರನ್ನು ನೆನೆಸಿಕೊಳ್ಳಿ, ಅರ್ಥ ಆಗುತ್ತದೆ. ಒಬ್ಬಳಿಗೆ ಬಳೆ ಎಸೆದು ಸಾಮಾನು ಗೆಲ್ಲಲೇಬೇಕು. ಒಬ್ಬಳಿಗೆ ಯಾವ ಅಂಗಡಿ, ಯಾವ ಸಂದಿಯನ್ನೂ ಬಿಡದೆ ಸುತ್ತಬೇಕು. ಒಬ್ಬಳಿಗೆ ತವರಿನವರು ಸಿಕ್ಕಿ ಮಾತಾಡಿದರೆ ಸಾಕು. ಇನ್ನೊಬ್ಬಳಿಗೆ ವಾರಗಿತ್ತಿಗಿಂತ ಒಂದು ಕೈ ಮೇಲಾಗಬೇಕು. ಮೊಬೈಲಿನ ಆಟದಲ್ಲೂ ಈ ನಾಲ್ಕೂ ಇವೆ. ನಿಮಗೆ ಬೇಕಾದ್ದು ಒಂದು ಆಟದಲ್ಲಿ ಇಲ್ಲದಿದ್ದರೆ ಅದು ನಿಮಗೆ ಸಪ್ಪೆ.

ನಮ್ಮ ಹೆಂಗಸರಿಗೆ ಇನ್ನೊಂದು ತೊಡಕು ಇದೆ. ಮೊದಮೊದಲು ಬಂದ ಆಟಗಳಲ್ಲಿ ಗುಂಡು ಹಾರಿಸುವುದೇ ಹೆಚ್ಚು. ಜಪಾನಿನ ತೋರು ಇವತಾನಿ ಎಂಬವರು ಇದನ್ನು ಗಮನಿಸಿದರು. ಆಟದ ಅಂಗಡಿಗೆ ಹೆಂಗಸರೂ ಬರಲಿ ಅಂತ 1980ರಲ್ಲಿ ಪ್ಯಾಕ್‌ಮ್ಯಾನ್ ಎಂಬ ಆಟ ಮಾಡಿದರು. ಅದರಲ್ಲಿ ಬಂದೂಕು ಇಲ್ಲ. ಒಂದು ಹಳದಿ ಬಾಯಿ ಚುಕ್ಕೆಗಳನ್ನು ತಿನ್ನುತ್ತಾ ಹೋಗುತ್ತದೆ. ಅಷ್ಟೇ. ಆಟ ಲೋಕವೆಲ್ಲ ಹರಡಿತು. ಹೆಂಗಸರಿಗೆ ಅಂದರೆ ತಿಂಡಿಯೇ ನೆನಪಾಯಿತೇ ಅಂತ ನಾವು ನಕ್ಕೆವು. ಆದರೂ ಯೋಚನೆ ಮಾಡಿದರಲ್ಲ, ಅದು ದೊಡ್ಡದು.

ಮತ್ತೆ ಪುರುಸೊತ್ತಿನ ಮಾತು. ಇದನ್ನು ಯಾರೂ ಹೇಳುವುದಿಲ್ಲ. 2019ರಲ್ಲಿ ಸರಕಾರ ದೇಶದಲ್ಲೆಲ್ಲ ಒಂದು ಲೆಕ್ಕ ತೆಗೆಯಿತು. ದಿನದ ಹೊತ್ತು ಯಾರಿಗೆ ಹೇಗೆ ಕಳೆಯುತ್ತದೆ ಅಂತ. ಮನೆಗೆಲಸ ಮಾಡುವ ಹೆಂಗಸರಿಗೆ ಆಗ ಅದಕ್ಕೆ ದಿನಕ್ಕೆ 299 ನಿಮಿಷ ಹೋಗುತ್ತಿತ್ತು. ಗಂಡಸರಿಗೆ 97 ನಿಮಿಷ. ನೀವೇ ಲೆಕ್ಕ ಹಾಕಿ. 299 ನಿಮಿಷ ಅಂದರೆ 5 ಗಂಟೆಗೆ ಒಂದೇ ನಿಮಿಷ ಕಡಿಮೆ. ಅದೂ ಕೆಲಸ ಮಾಡುವ ಗಂಡಸರ ಲೆಕ್ಕ. ಕಸಪೊರಕೆ ಮುಟ್ಟದ ಗಂಡಸರು ಆ ಲೆಕ್ಕದಲ್ಲೇ ಇಲ್ಲ! ಕೂಲಿ ಮುಗಿಸಿ, ನೀರು ತಂದು, ಮುದ್ದೆ ತಿರುವಿ ಇಟ್ಟ ಮೇಲೆ ಯಾವ ಆಟ? "ನನಗೆ ಆಟ ಇಷ್ಟ ಇಲ್ಲ" ಅನ್ನುವ ಎಷ್ಟೋ ಜನಕ್ಕೆ ಇಷ್ಟವೋ ಇಲ್ಲವೋ ನೋಡಲು ಹೊತ್ತೇ ಸಿಕ್ಕಿಲ್ಲ.

ಮಿಠಾಯಿ ಆಟದ ತಂಗಿಯನ್ನು ನಾವು ಆಮೇಲೆ ಕೇಳಿದೆವು. ಅವಳ ಮನೆಯಲ್ಲಿ ಒಂಬತ್ತು ಜನ. ಅವಳು ಹೇಳಿದಳು: "ಇಲ್ಲಿಗೆ ಹತ್ತು ನಿಮಿಷ ಮುಂಚೆ ಬರ್ತೀನಿ ಟೀಚರ್. ಆ ಹತ್ತು ನಿಮಿಷ ನನ್ನನ್ನ ಯಾರೂ ಕರೆಯಲ್ಲ."

ಹಾಗಂತ ಎಲ್ಲ ಆಟವೂ ಒಳ್ಳೆಯದು ಅಂತ ತಿಳಿಯಬೇಡಿ. ದುಡ್ಡು ಕಟ್ಟಿ ಆಡುವುದು ಬೇರೆ ಮಾತು. ಅದರಲ್ಲಿ ಮನೆ ಮುಳುಗಿದವರು ಇದ್ದಾರೆ. 2025ರ ಆಗಸ್ಟ್ ತಿಂಗಳಲ್ಲಿ ನಮ್ಮ ಸಂಸತ್ತು ಅಂಥ ಮೊಬೈಲು ಆಟಗಳನ್ನು ನಿಷೇಧಿಸಿ ಕಾಯಿದೆ ಮಾಡಿತು. ದುಡ್ಡಿಲ್ಲದ ಆಟವೂ ಗೀಳಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಹೊಸ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ಆಟದ ಗೀಳೂ ಇದೆ. ಒಂದು ದಿನ ಊಟಕ್ಕೆ ತಡವಾದರೆ ಅದು ಕಾಯಿಲೆ ಅಲ್ಲ. ಬಿಡಬೇಕು ಅಂದರೂ ಬಿಡಲು ಆಗದು. ಓದು, ನಿದ್ದೆ, ಸ್ನೇಹ ಎಲ್ಲಕ್ಕಿಂತ ಆಟವೇ ಮುಂದೆ. ಕೆಡುಕು ಕಂಡರೂ ನಿಲ್ಲಿಸಲು ಆಗದು. ಸಾಮಾನ್ಯವಾಗಿ ಒಂದು ವರ್ಷ ಹೀಗೇ ನಡೆದಿದ್ದರೆ ಆಗ ವೈದ್ಯರು ಅದನ್ನು ಕಾಯಿಲೆ ಅನ್ನುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಇದಕ್ಕೆಂದೇ 2014ರಲ್ಲಿ ಒಂದು ವಿಭಾಗ ತೆರೆದರು. ಶಟ್ ಕ್ಲಿನಿಕ್ ಅಂತ ಅದರ ಹೆಸರು. ನಾಚಿಕೆ ಪಡದೆ ಹೋಗಿ ಕೇಳಬಹುದು.

ಅಕ್ಕನ ಮಗನದು ಆ ಮಟ್ಟಕ್ಕೆ ಹೋಗಿಲ್ಲ. ಅವನದು ನಾಲ್ಕು ಜನರ ತಂಡದ ಆಟ. ನಡುವೆ ಒಬ್ಬ ಬಿಟ್ಟು ಎದ್ದರೆ ಉಳಿದ ಮೂವರಿಗೆ ಕಷ್ಟ. ಅವರು ಮಾರನೇ ದಿನ ಶಾಲೆಯಲ್ಲಿ ಬಯ್ಯುತ್ತಾರೆ. ಇದು ಅಕ್ಕನಿಗೆ ಗೊತ್ತಿರಲಿಲ್ಲ. ಊಟಕ್ಕೆ ಕೂಗಿದ ಕೂಡಲೇ ಅವನು ಏಳದೆ ಇದ್ದದ್ದು ಅದಕ್ಕೆ.

ಈ ಭಾನುವಾರ ಅಕ್ಕ ಮಗನ ಪಕ್ಕ ಹೋಗಿ ಕೂತರಂತೆ. ಮಗ ಅನುಮಾನದಿಂದ ನೋಡಿದ. ಆಮೇಲೆ ಮೊಬೈಲನ್ನು ಕೈಗೆ ಕೊಟ್ಟ. "ಅಮ್ಮಾ ನಿಂತ್ಕೋಬೇಡ, ಓಡು, ಓಡು" ಅಂದ. ಒಂದು ನಿಮಿಷದಲ್ಲಿ ಅಕ್ಕನ ಗೊಂಬೆ ಸತ್ತಿತು. ಮಗ ನಗಲಿಲ್ಲ. "ಮೊದಲ್ನೇ ಸಲ ಎಲ್ರಿಗೂ ಹಂಗೇ ಅಮ್ಮಾ" ಅಂದ.

ಅಕ್ಕನಿಗೆ ಆಟ ಹಿಡಿಸಲಿಲ್ಲ. "ಆ ಗುಂಡಿನ ಸದ್ದು ನಂಗೆ ಬ್ಯಾಡ ತಾಯಿ" ಅಂದರು. ಆದರೆ ಈಗ ಕೂಗುವ ಮೊದಲು ಕೇಳುತ್ತಾರೆ: "ಇದು ಮುಗಿಯೋಕೆ ಎಷ್ಟು ಹೊತ್ತೈತೆ?" ಅವನು "ಹತ್ತು ನಿಮಿಷ" ಅನ್ನುತ್ತಾನೆ. ಕೆಲವು ದಿನ ಹತ್ತು ನಿಮಿಷಕ್ಕೆ ಬರುತ್ತಾನೆ. ಕೆಲವು ದಿನ ಇಪ್ಪತ್ತು ಆಗುತ್ತದೆ. ಆವತ್ತು ಬೈಗುಳ ತಪ್ಪುವುದಿಲ್ಲ.

ನಿನ್ನೆ ಅಕ್ಕ ತವರಿನಿಂದ ತಂದ ಕವಡೆಗಳನ್ನು ಗಂಟು ಕಟ್ಟಿಕೊಂಡು ಇಲ್ಲಿಗೆ ತಂದಿದ್ದರು. ಶನಿವಾರ ಪಾಠ ಮುಗಿದ ಮೇಲೆ ಚೌಕಾಬಾರ ಆಡೋಣ ಅಂತ. ಮಿಠಾಯಿ ಆಟದ ತಂಗಿಯನ್ನೂ ಕರೆದರು. ಅವಳು ಮೂಗು ಮುರಿದಳು. "ಅದ್ರಲ್ಲಿ ಅಂಥದ್ದೇನಿದೆ ಅಕ್ಕಾ?" ಅಂದಳು. ಎಲ್ಲರೂ ನಕ್ಕೆವು. ಅಕ್ಕನೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಶನಿವಾರ ಬರುವವರು ಬನ್ನಿ. ಮನೆ ಬರೆಯಲು ಬಳಪ ಇಲ್ಲಿದೆ.