ಗುರಿಗಾಜು ತೋರುವುದೆಷ್ಟು?



ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್ ಆಟವನ್ನು ನಿಮ್ಮಲ್ಲಿ ಕೆಲವರು ಆಡಿರಬಹುದು. ಅದರಲ್ಲಿ ಯುದ್ಧವಿಮಾನಗಳೂ ಉಂಟು. ಹದ್ದು ಕೋಳಿಮರಿಯ ಮೇಲೆ ಎರಗುವಂತೆ ಕಡಿದಾಗಿ ಕೆಳಗಿಳಿದು ಬಾಂಬು ಬಿಡುವ ವಿಮಾನವೇ ಡೈವ್ ಬಾಂಬರ್. ಅದರ ಗುರಿಗಾಜಿನ, ಎಂದರೆ ಬಾಂಬ್‌ಸೈಟಿನ, ನಟ್ಟನಡುವೆ ಗುರಿಯನ್ನು ಹಿಡಿದು ಗುಂಡಿ ಒತ್ತಿದರೂ ಬಾಂಬು ಈಚೆಗೇ ಬೀಳುತ್ತದೆ. ಇದು ಆಟದ ದೋಷವಲ್ಲ, ಭೌತಶಾಸ್ತ್ರದ ನಿಯಮ. ಹೇಗೆಂದು ನೋಡೋಣ.

ನೀವು ನಂಜನಗೂಡಿನಿಂದ ಕಪಿಲಾ ನದಿಯ ಜಾಡು ಹಿಡಿದು ತಿರುಮಕೂಡಲು ನರಸೀಪುರಕ್ಕೆ ಹಾರುತ್ತಿದ್ದೀರಿ ಎಂದಿಟ್ಟುಕೊಳ್ಳಿ. ನೇರ ದೂರ ಸುಮಾರು 25 ಕಿಲೋಮೀಟರ್. ಗಂಟೆಗೆ 360 ಕಿಲೋಮೀಟರ್ ವೇಗದಲ್ಲಿ ನಾಲ್ಕು ನಿಮಿಷಕ್ಕೆ ಸ್ವಲ್ಪ ಹೆಚ್ಚಿನ ಹಾದಿ. ಕಾವೇರಿ, ಕಪಿಲೆ ಕೂಡುವ ಸಂಗಮ ಆಕಾಶದಿಂದ ಸುಲಭವಾಗಿ ಗುರುತು ಸಿಗುತ್ತದೆ. ಅಲ್ಲಿನ ಮರಳಿನ ಮೇಲೆ ಸುಣ್ಣದ ಒಂದು ವೃತ್ತ. ಬಾಂಬಿನ ಬದಲು ನಿಮ್ಮ ಬಳಿ ಒಂದು ಮರಳಿನ ಚೀಲ.

ಸಮತಟ್ಟಾಗಿ 500 ಮೀಟರ್ ಎತ್ತರದಲ್ಲಿ ಹಾರುತ್ತಾ ಚೀಲ ಬಿಟ್ಟರೆ ಅದು ನೆಲ ಮುಟ್ಟಲು ಹತ್ತು ಸೆಕೆಂಡು ಬೇಕು. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಅಷ್ಟರಲ್ಲಿ ಅದು ಸೆಕೆಂಡಿಗೆ 100 ಮೀಟರಿನಂತೆ ಒಂದು ಕಿಲೋಮೀಟರ್ ಮುಂದೆಯೂ ಸಾಗಿರುತ್ತದೆ. ವೇಗ, ಎತ್ತರ, ಗಾಳಿ ಇವುಗಳಲ್ಲಿ ಯಾವುದರ ಲೆಕ್ಕ ಸ್ವಲ್ಪ ತಪ್ಪಿದರೂ ಗುರಿ ಬಹಳ ದೂರ ತಪ್ಪುತ್ತದೆ.

ಈಗ 60 ಡಿಗ್ರಿ ಕೋನದಲ್ಲಿ, ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಎರಗಿ. ವಿಮಾನ ಸಾಗುವ ನೇರದಲ್ಲೇ ಗುರಿಗಾಜು ಇದೆ ಎನ್ನಿ. 500 ಮೀಟರ್ ಎತ್ತರದಲ್ಲಿ ಆ ನೇರ ನೆಲ ಮುಟ್ಟುವುದು 289 ಮೀಟರ್ ಮುಂದೆ. ಆದರೆ ಚೀಲ ಸುಮಾರು ಮೂರೂವರೆ ಸೆಕೆಂಡಿನಲ್ಲಿ 256 ಮೀಟರ್ ಮುಂದೆ ಬೀಳುತ್ತದೆ. ವ್ಯತ್ಯಾಸ 33 ಮೀಟರ್. ಕೋನ 80 ಡಿಗ್ರಿಯಾದರೆ ವ್ಯತ್ಯಾಸ ಸುಮಾರು ಎಂಟೇ ಮೀಟರ್! ಕಡಿದಾದಷ್ಟೂ ತಪ್ಪು ಕಡಿಮೆ. ಆದ್ದರಿಂದ ವೃತ್ತದ ಮೇಲಲ್ಲ, ಅದರ ಆಚೆಗೆ ಗುರಿಯಿಡಬೇಕು. ಎಷ್ಟು ಆಚೆಗೆ ಎಂಬುದು ಕೋನ, ವೇಗ, ಎತ್ತರಗಳನ್ನು ಅವಲಂಬಿಸಿದೆ.

ಸಿಮ್ಯುಲೇಟರಿನಲ್ಲಿ ಪ್ರತಿಸಲವೂ ಒಂದೇ ಕೋನ, ಒಂದೇ ಎತ್ತರದಲ್ಲಿ ಅಭ್ಯಾಸ ಮಾಡಿ. ಗಾಳಿಗೆ ಎದುರಾಗಿ ಎರಗಿದರೆ ವಿಮಾನ ಪಕ್ಕಕ್ಕೆ ಸರಿಯದು. 60 ಡಿಗ್ರಿಯಲ್ಲಿ ಎತ್ತರ ಸೆಕೆಂಡಿಗೆ 130 ಮೀಟರಿನಂತೆ ಕರಗುವುದರಿಂದ, ಎರಡು ಸೆಕೆಂಡು ತಡವೆಂದರೆ 260 ಮೀಟರ್ ನಷ್ಟ. ಮೇಲೇಳಲು ಜಾಗವೇ ಉಳಿಯದು.

ಕೋನ ತಿಳಿಯಲೆಂದು ಜರ್ಮನಿಯ ಸ್ಟೂಕಾ ವಿಮಾನದ ಕಿಟಕಿಗಾಜಿನ ಮೇಲೆ ಗೆರೆಗಳನ್ನೇ ಎಳೆದಿದ್ದರು. ಅಮೆರಿಕದ ಡಾಂಟ್ಲೆಸ್ ವಿಮಾನದಲ್ಲಿದ್ದ ದುರ್ಬೀನು, ತಣ್ಣನೆಯ ಎತ್ತರದಿಂದ ಬೆಚ್ಚನೆಯ ತೇವದ ಗಾಳಿಗೆ ಇಳಿದಾಗ ಮಂಜು ಕಟ್ಟುತ್ತಿತ್ತು. ಅನ್ನದ ಪಾತ್ರೆಯ ಮುಚ್ಚಳ ತೆಗೆದಾಗ ಕನ್ನಡಕ ಮಸುಕಾಗುವುದಿಲ್ಲವೇ, ಹಾಗೆ. ನಮ್ಮ ವಾಯುಪಡೆಯ 7 ಮತ್ತು 8ನೇ ಸ್ಕ್ವಾಡ್ರನ್ನುಗಳು 1943-44ರಲ್ಲಿ ಬರ್ಮಾ ಗಡಿಯಲ್ಲಿ ಹಾರಿಸಿದ ವೆಂಜನ್ಸ್ ವಿಮಾನವಂತೂ ಬಹುತೇಕ ನೆಟ್ಟಗೆ ಕೆಳಮುಖವಾಗಿ ಎರಗಬಲ್ಲದಾಗಿತ್ತು.

ಕೊನೆಯದಾಗಿ ಒಂದು ಮಾತು. ಪರದೆಯ ಮೇಲಿನ ಮರಳು ಬರಿದು. ನಿಜವಾದ ಸಂಗಮದಲ್ಲಿ ಮೀಯುವವರಿದ್ದಾರೆ, ಬಟ್ಟೆ ಒಗೆಯುವವರಿದ್ದಾರೆ, ಆಡುವ ಮಕ್ಕಳಿದ್ದಾರೆ. ಗುರಿಗಾಜು ಬೀಳುವ ಜಾಗವನ್ನು ತೋರೀತು. ಅಲ್ಲಿ ಯಾರಿದ್ದಾರೆಂದು ಹೇಳದು. ಆಟವನ್ನು ಮತ್ತೆ ಮೊದಲಿನಿಂದ ಆಡಬಹುದು, ಬಿಟ್ಟ ಬಾಂಬನ್ನು ಹಿಂದಕ್ಕೆ ಕರೆಯಲಾಗದು. 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿತ್ತು. ಅಂಥ ನೆರೆಯ ನಡುವೆ ಸಿಕ್ಕಿಕೊಂಡವರಿಗೆ ವಿಮಾನದಿಂದ ಆಹಾರದ ಪೊಟ್ಟಣ ಬಿಡಬೇಕಾದರೂ ಬೇಕಾಗುವುದು ಇದೇ ಲೆಕ್ಕ. ಲೆಕ್ಕ ಒಂದೇ, ಅದನ್ನು ಯಾವುದಕ್ಕೆ ಬಳಸಬೇಕೆಂಬುದನ್ನು ಗಾಜಿನ ಹಿಂದೆ ಕುಳಿತವರೇ ತೀರ್ಮಾನಿಸಬೇಕು.