ಗೊಂಬೆಯ ಮೂಲಕ ಕುಣಿತದ ಪಾಠ



ನಮ್ಮ ಇಡಗುಂಜಿಯ ಹೆಸರು ನಾಡಿನಾಚೆಗೂ ಹೋಗಿರುವುದು ಯಕ್ಷಗಾನದಿಂದ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದರು. ಅವರ ಮಗ ಶಂಭು ಹೆಗಡೆಯವರು 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲೇ ವೇಷ ಕಟ್ಟಿ ಕುಣಿದ ರಾತ್ರಿ ಕೊನೆಯುಸಿರೆಳೆದರು. ಚಂಡೆಯ ಸದ್ದು ಕೇಳುತ್ತಲೇ ಬೆಳೆಯುವ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಈ ಸಂಗತಿ ಗೊತ್ತು? ಪಕ್ಕದ ಬೆಂಚಿನ ಗೆಳೆಯನ ಮನೆಯ ಕಲೆಯನ್ನು ಅರಿಯದೆ ಅವನನ್ನು ಪೂರ್ತಿ ಅರಿಯಲು ಸಾಧ್ಯವೇ?

ಇದನ್ನು ಕಲಿಸಲು ಸುಲಭದ ಸಾಧನ ಗೊಂಬೆ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಕಾಮತ್ ಮನೆತನದವರು ಯಕ್ಷಗಾನವನ್ನೇ ಸೂತ್ರದ ಗೊಂಬೆಗಳಿಂದ ಆಡಿಸುತ್ತಾ ಬಂದಿದ್ದಾರೆ. ಕೊಗ್ಗ ಕಾಮತರಿಗೆ 1980ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂತು. ಗೊಂಬೆಯ ಭುಜ, ಮೊಣಕೈ, ಸೊಂಟ, ಮೊಣಕಾಲುಗಳಿಗೆ ಕೀಲುಗಳಿವೆ. ಐದರಿಂದ ಏಳು ದಾರಗಳಲ್ಲಿ ಅದು ತಾಳಕ್ಕೆ ತಕ್ಕಂತೆ ಹೆಜ್ಜೆ ಹಾಕುತ್ತದೆ. ವೇದಿಕೆಯ ಮೇಲೆ ಕ್ಷಣದಲ್ಲಿ ಸರಿದುಹೋಗುವ ಹೆಜ್ಜೆಯನ್ನು ಗೊಂಬೆಯಲ್ಲಿ ನಿಲ್ಲಿಸಿ ತೋರಿಸಬಹುದು, ಮತ್ತೆ ಮತ್ತೆ ಆಡಿಸಬಹುದು.

ದುಬಾರಿ ಸಾಮಾನು ಬೇಡ. ಮೆಕ್ಸಿಕೋ ದೇಶದ ಅಮೆಆಲ್ಕೋ ಎಂಬ ಊರಿನಲ್ಲಿ ಒತೋಮಿ ಜನಾಂಗದ ಹೆಂಗಸರು ಬಟ್ಟೆಯಿಂದ 'ಲೆಲೆ' ಎಂಬ ಗೊಂಬೆ ಹೊಲಿಯುತ್ತಾರೆ. ತಲೆಗೆ ಬಣ್ಣದ ರಿಬ್ಬನ್, ಮೈಗೆ ತಮ್ಮದೇ ಉಡುಪು. ಆ ಗೊಂಬೆಯನ್ನು ನೋಡಿದವರಿಗೆ ಅವರ ಸಂಸ್ಕೃತಿಯ ಪರಿಚಯವಾಗುತ್ತದೆ. ನೀವೂ ದರ್ಜಿಯ ಅಂಗಡಿಯ ಚೂರು ಬಟ್ಟೆ ತಂದು, ರಟ್ಟಿನ ಕಿರೀಟ, ಭುಜಕೀರ್ತಿ, ಗೆಜ್ಜೆ ಮಾಡಿಸಿ. ಒಬ್ಬ ವಿದ್ಯಾರ್ಥಿ ಬೆಂಚಿನ ಮೇಲೆ ತಾಳ ಹಾಕಲಿ, ಇನ್ನೊಬ್ಬ ದಾರ ಎಳೆಯಲಿ. ಭಾಷೆಯ ಪಾಠವೂ ಜೊತೆಗೇ ಆಗುತ್ತದೆ: ಉರ್ದುವಿನ 'ಗುಡಿಯಾ' ಕನ್ನಡದ ಗೊಂಬೆ, 'ಕಠ್‌ಪುತ್ಲಿ'ಯಲ್ಲಿ ನಮ್ಮ 'ಪುತ್ಥಳಿ'ಯ ನೆಂಟಸ್ತನ ಕಾಣುತ್ತದೆ.

ಗೊಂಬೆ ನಮಗೆ ಸಲ್ಲುತ್ತದೆಯೇ ಎಂದು ಕೆಲವು ಪೋಷಕರು ಕೇಳಬಹುದು. ಹಜ್ರತ್ ಆಯಿಶಾ(ರ) ಅವರು ಬಾಲ್ಯದಲ್ಲಿ ಗೊಂಬೆಗಳೊಂದಿಗೆ ಆಡುತ್ತಿದ್ದುದನ್ನು ಪ್ರವಾದಿ(ಸ) ಅವರು ತಡೆಯಲಿಲ್ಲವೆಂದು ಬುಖಾರಿ ಮತ್ತು ಮುಸ್ಲಿಂ ಹದೀಸ್ ಸಂಗ್ರಹಗಳಲ್ಲಿದೆ. ಹಲವು ವಿದ್ವಾಂಸರು ಮಕ್ಕಳ ಆಟಿಕೆಗೆ ಅನುಮತಿ ನೀಡಿದ್ದು ಇದೇ ಆಧಾರದಿಂದ. ಇನ್ನು, ನಾವು ಮಕ್ಕಳನ್ನು ಪೂಜೆಗೆ ಕರೆಯುತ್ತಿಲ್ಲ; ನೆರೆಯವರನ್ನು ತಿಳಿಯಲು ಕರೆಯುತ್ತಿದ್ದೇವೆ. ತಿಳಿಯುವುದರಿಂದ ನಮ್ಮತನ ಕಳೆದುಹೋಗುವುದಿಲ್ಲ. ತಿಳಿಯದಿದ್ದರೆ ಮಾತ್ರ ಗೇಲಿ ಹುಟ್ಟುತ್ತದೆ, ಗೇಲಿಯಿಂದ ಜಗಳ ಹುಟ್ಟುತ್ತದೆ.

ಶಿಕ್ಷಕರಿಗೆ ಗೊಂಬೆಯಾಟದ ತರಬೇತಿ ಬೇಕಾದರೆ, 1979ರಲ್ಲಿ ಸ್ಥಾಪನೆಯಾದ ದೆಹಲಿಯ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರವಿದೆ. ನಮ್ಮ ಶಾಲೆಗಳು ಇದರ ಪ್ರಯೋಜನ ಪಡೆಯಲಿ.

ವಿದ್ಯಾರ್ಥಿಗಳೇ, ಈ ವರ್ಷ ಪ್ರತಿ ತರಗತಿಯೂ ಒಂದೊಂದು ಗೊಂಬೆ ಮಾಡಲಿ. ಅದರ ವೇಷದ ಹೆಸರನ್ನು ನಿಮ್ಮ ಹಿಂದೂ ಗೆಳೆಯರನ್ನೇ ಕೇಳಿ ತಿಳಿದುಕೊಳ್ಳಿ. ನಿಮ್ಮ ಹಬ್ಬದ ಬಗ್ಗೆ ಅವರು ಕೇಳಿದಾಗ ನೀವೂ ಅಷ್ಟೇ ಪ್ರೀತಿಯಿಂದ ಹೇಳಿ.